ಗವಿಮಠದ ಬಂಡೆಯೂ ಒಬ್ಬ ಅರಸನ ದುಡಿಮೆಯೂ

‘ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು’ ಎಂಬ ನಮ್ಮ ಸೀಮೆಯ ಮಾತನ್ನು ನೀವು ಕೇಳಿಯೇ ಇರುತ್ತೀರಿ. ಕನಕಾಚಲಪತಿ ದೇವಾಲಯದ ಶಿಲ್ಪವೈಭವವನ್ನು ಕಂಡವರಿಗೆ ಆ ಮಾತು ಉತ್ಪ್ರೇಕ್ಷೆ ಎನಿಸುವುದಿಲ್ಲ. ಆದರೆ ಇಲ್ಲಿ ನಾನು ನಿಮ್ಮ ಗಮನವನ್ನು ಸೆಳೆಯಬಯಸುವುದು ಆ ದೇವಾಲಯಕ್ಕಿಂತ ಸುಮಾರು 1,800 ವರ್ಷಗಳಷ್ಟು ಹಳೆಯದಾದ ಒಂದು ಸಂಗತಿಯತ್ತ.

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕ ಚಕ್ರವರ್ತಿಯ ಒಂದು ಶಾಸನವಿದೆ. 1892ರಲ್ಲಿ ಬಿ.ಎಲ್. ರೈಸ್ ಅವರು ಅದನ್ನು ಬೆಳಕಿಗೆ ತಂದರು. ಸುವರ್ಣಗಿರಿಯಲ್ಲಿದ್ದ ರಾಜಕುಮಾರನೂ ಅಲ್ಲಿನ ಮಹಾಮಾತ್ರರೂ ಇಸಿಲದ ಅಧಿಕಾರಿಗಳ ಕ್ಷೇಮವನ್ನು ವಿಚಾರಿಸಿ ಈ ಆಜ್ಞೆಯನ್ನು ತಿಳಿಸುತ್ತಿದ್ದಾರೆಂದು ಆ ಶಾಸನ ಆರಂಭವಾಗುತ್ತದೆ. ಮೌರ್ಯರ ದಕ್ಷಿಣದ ಆಡಳಿತ ಕೇಂದ್ರವಾಗಿದ್ದ ಆ ಸುವರ್ಣಗಿರಿ ಯಾವುದು? ಸುವರ್ಣವೆಂದರೂ ಕನಕವೆಂದರೂ ಅರ್ಥ ಒಂದೇ ಆದುದರಿಂದ ನಮ್ಮ ಕನಕಗಿರಿಯೇ ಅದೆಂದು ಕೆಲವು ವಿದ್ವಾಂಸರು ಹೇಳಿದ್ದಾರೆ. ಆಂಧ್ರದ ಜೊನ್ನಗಿರಿಯೆಂದು ಹೇಳುವವರೂ ಇದ್ದಾರೆ. ವಾದ ಏನೇ ಇರಲಿ, ಈ ನೆಲದಲ್ಲಿ ಅಶೋಕನ ಮಾತುಗಳು ದಟ್ಟವಾಗಿ ಹರಡಿವೆ. ಉತ್ತರಕ್ಕಿರುವ ಮಸ್ಕಿಯಲ್ಲಿ 1915ರಲ್ಲಿ ಚಿನ್ನದ ಅದಿರನ್ನು ಹುಡುಕುತ್ತಿದ್ದ ಸಿ. ಬೀಡನ್ ಎಂಬ ಇಂಜಿನಿಯರರು ಒಂದು ಶಾಸನವನ್ನು ಕಂಡರು. ದೇವಾನಾಂಪ್ರಿಯ ಎಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೂ ಅದರಲ್ಲಿತ್ತು. ಕೊಪ್ಪಳ ಪಟ್ಟಣದ ಬಳಿಯ ಗವಿಮಠ ಹಾಗೂ ಪಾಲ್ಕಿಗುಂಡು ಶಾಸನಗಳು 1931ರಲ್ಲಿ ಬೆಳಕಿಗೆ ಬಂದವು, ಮರುವರ್ಷ ಆರ್.ಎಲ್. ಟರ್ನರ್ ಅವರು ಅವನ್ನು ಸಂಪಾದಿಸಿದರು.

ಈ ಶಾಸನಗಳನ್ನು ನಾನು ಇಂದು ನೆನೆಯುವುದಕ್ಕೆ ಕಾರಣವಿದೆ. ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವವರಿರಲಿ, ಶಾಲೆಯಲ್ಲಿ ಪಾಠ ಹೇಳುವವರಿರಲಿ, ಆಸ್ಪತ್ರೆಯಲ್ಲಿ ರಾತ್ರಿಪಾಳಿ ಮಾಡುವ ದಾದಿಯರಿರಲಿ, ‘ನಾನು ಈ ಕೆಲಸವನ್ನು ಏತಕ್ಕಾಗಿ ಮಾಡುತ್ತಿದ್ದೇನೆ?’ ಎಂಬ ಪ್ರಶ್ನೆ ಒಂದಲ್ಲ ಒಂದು ದಿನ ಎದುರಾಗುತ್ತದೆ. ಸಂಬಳಕ್ಕಾಗಿ ಎಂಬ ಉತ್ತರ ಸುಳ್ಳಲ್ಲ. ಮಕ್ಕಳ ಶಾಲಾ ಶುಲ್ಕವನ್ನು ತೆರಬೇಕಾದವರಿಗೆ ಅದು ಸಣ್ಣ ಉತ್ತರವೂ ಅಲ್ಲ. ಆದರೂ ಸಂಬಳ ನಿಯಮಿತವಾಗಿ ಬರುತ್ತಿರುವಾಗಲೇ ಕೈ ಸೋಲುವುದುಂಟು. ಇತ್ತೀಚೆಗೆ ಕಚೇರಿಗಳ ಗೋಡೆಯ ಮೇಲೆ ‘ನಮ್ಮ ಮೌಲ್ಯಗಳು’ ಎಂಬ ಫಲಕಗಳು ಕಾಣಿಸುತ್ತವೆ. ಯಾರೋ ಬರೆಸಿ ತೂಗುಹಾಕಿದ ಆ ಮಾತುಗಳು ದುಡಿಯುವವನ ಒಳಗಿನಿಂದ ಬಂದವಲ್ಲ; ಆದುದರಿಂದ ಸೋತ ಕೈಯನ್ನು ಅವು ಎತ್ತಲಾರವು. ತನ್ನ ದುಡಿಮೆಯ ಹಿಂದಿನ ಮೌಲ್ಯ ಯಾವುದೆಂದು ತಾನೇ ಹುಡುಕಿಕೊಂಡು, ಆ ಹುಡುಕಾಟವನ್ನೇ ಬಂಡೆಯ ಮೇಲೆ ಬರೆಸಿದ ಒಬ್ಬ ಮನುಷ್ಯನ ಸಾಕ್ಷ್ಯ ನಮ್ಮ ಊರಿನಲ್ಲೇ ಇದೆ.

ಗವಿಮಠದ ಎಂಟು ಸಾಲುಗಳ ತಾತ್ಪರ್ಯ ಹೀಗಿದೆ. ತಾನು ಉಪಾಸಕನಾಗಿ ಎರಡೂವರೆ ವರ್ಷಗಳಾದವು. ಮೊದಲ ಒಂದು ವರ್ಷ ತಾನು ಹೆಚ್ಚು ಶ್ರಮಿಸಲಿಲ್ಲ. ಸಂಘದ ಸಾಮೀಪ್ಯಕ್ಕೆ ಬಂದು ಒಂದು ವರ್ಷಕ್ಕೂ ಮೇಲಾಯಿತು, ಅಂದಿನಿಂದ ಶ್ರಮಿಸುತ್ತಿದ್ದೇನೆ. ಫಲ ದೊರೆತಿರುವುದು ಶ್ರಮದಿಂದ. ಇದು ದೊಡ್ಡವರಿಗೆ ಮಾತ್ರ ದಕ್ಕುವುದಲ್ಲ, ಶ್ರಮಿಸಿದರೆ ಸಣ್ಣವನಿಗೂ ದಕ್ಕುತ್ತದೆ. ಶ್ರಮವನ್ನು ಸೂಚಿಸಲು ಅಶೋಕನ ಶಾಸನಗಳು ಬಳಸಿರುವ ಪ್ರಾಕೃತ ಪದ ‘ಪಕಮ’. ಪರಾಕ್ರಮ, ಪ್ರಕ್ರಮ ಎಂದು ಅದನ್ನು ಬಿಡಿಸುತ್ತಾರೆ. ಯುದ್ಧಭೂಮಿಯ ಪರಾಕ್ರಮವನ್ನು ಬಲ್ಲ ಒಬ್ಬ ಅರಸನು ಅದೇ ಜಾತಿಯ ಪದವನ್ನು ದಿನನಿತ್ಯದ ಪ್ರಯತ್ನಕ್ಕೆ ಬಳಸಿದ್ದನ್ನು ಗಮನಿಸಿರಿ.

ಈ ಶಾಸನದಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಆ ಮೊದಲ ಒಂದು ವರ್ಷ. ಅರಸರು ತಮ್ಮ ಗೆಲುವುಗಳನ್ನು ಬರೆಸುತ್ತಾರೆ, ದಾನಗಳನ್ನು ಬರೆಸುತ್ತಾರೆ. ತಾನು ಒಂದು ವರ್ಷ ಸಡಿಲವಾಗಿದ್ದೆನೆಂದು ನಾಡಿನ ಉದ್ದಗಲಕ್ಕೂ ಬರೆಸಿದ ಅರಸ ಅಪರೂಪ. ಇದರಲ್ಲಿ ಒಂದು ಸೂಕ್ಷ್ಮವಿದೆ. ಆ ವರ್ಷದಲ್ಲಿ ಅವನಿಗೆ ಮೌಲ್ಯದ ಅರಿವಿರಲಿಲ್ಲವೆಂದಲ್ಲ. ಅವನು ಆಗಲೇ ಉಪಾಸಕನಾಗಿದ್ದನು. ತನಗೆ ಯಾವುದು ಮುಖ್ಯವೆಂದು ತಿಳಿದಿರುವುದಕ್ಕೂ ಅದು ಕೈಗಳಿಗೆ ಬಲವಾಗಿ ಇಳಿಯುವುದಕ್ಕೂ ನಡುವೆ ಒಂದು ಇಡೀ ವರ್ಷ ಬಿದ್ದಿತ್ತು. ಆ ಅಂತರ ಮುಚ್ಚಿದ್ದು ಅದೇ ಮೌಲ್ಯವನ್ನು ಬದುಕುತ್ತಿದ್ದ ಜನರ ಹತ್ತಿರ ಅವನು ಹೋದಾಗ.

ಆ ಮೌಲ್ಯ ಅವನಿಗೆ ಎಲ್ಲಿಂದ ಬಂತು? ಪಟ್ಟಾಭಿಷೇಕವಾದ ಎಂಟು ವರ್ಷಗಳ ಮೇಲೆ ಅವನು ಕಳಿಂಗವನ್ನು ಗೆದ್ದನು. ಹದಿಮೂರನೆಯ ಬಂಡೆಶಾಸನವು ತಾನೇ ಲೆಕ್ಕ ಕೊಡುತ್ತದೆ: 1,00,000 ಮಂದಿ ಹತರಾದರು, 1,50,000 ಮಂದಿ ಸೆರೆಯಾಗಿ ಸಾಗಿಸಲ್ಪಟ್ಟರು, ಇನ್ನೂ ಎಷ್ಟೋ ಪಟ್ಟು ಜನ ಸತ್ತರು. ಆ ದುಃಖದ ನಂತರವೇ ಅವನು ಧರ್ಮದತ್ತ ತೀವ್ರವಾಗಿ ಒಲಿದನು. ನಮ್ಮ ನಮ್ಮ ಮೌಲ್ಯಗಳನ್ನು ಗುರುತಿಸಿಕೊಳ್ಳಿರೆಂದು ಇಂದಿನ ತರಬೇತಿ ಶಿಬಿರಗಳಲ್ಲಿ ಹೇಳುತ್ತಾರೆ. ಪಟ್ಟಿಯೊಂದನ್ನು ಕೊಟ್ಟು ಆರಿಸಲು ಹೇಳುವುದೂ ಉಂಟು. ಪಟ್ಟಿಯಿಂದ ಆರಿಸುವುದು ಸುಲಭ. ಆದರೆ ಯಾವುದು ನಮ್ಮನ್ನು ಸಂಕಟಪಡಿಸಿತೆಂದು ಕೇಳಿಕೊಂಡರೆ ಉತ್ತರ ಹೆಚ್ಚು ನಿಜವಾಗಿರುತ್ತದೆಂದು ನನಗೆ ತೋರುತ್ತದೆ. ಕಾಯಿಲೆಯವರನ್ನು ಗದರಿಸುವುದನ್ನು ಕಂಡು ನೊಂದ ದಾದಿಗೆ ತನ್ನ ಮೌಲ್ಯ ಯಾವುದೆಂದು ಬೇರೆಯವರು ಹೇಳಬೇಕಾಗಿಲ್ಲ.

ಮೌಲ್ಯವು ದುಡಿಮೆಯ ಕ್ರಮವಾಗಿ ಮಾರ್ಪಟ್ಟ ಬಗೆಯನ್ನು ಆರನೆಯ ಬಂಡೆಶಾಸನದಲ್ಲಿ ನೋಡಬಹುದು. ನಮಗೆ ಹತ್ತಿರವಾದ ಕರ್ನೂಲು ಸೀಮೆಯ ಎರ್ರಗುಡಿಯಲ್ಲಿಯೂ ಅದರ ಪ್ರತಿ ಇದೆ. ಹಿಂದೆ ರಾಜ್ಯದ ವರದಿಗಳನ್ನು ಎಲ್ಲ ವೇಳೆಯಲ್ಲಿಯೂ ಕೇಳುವ ಪದ್ಧತಿಯಿರಲಿಲ್ಲ. ಇನ್ನು ಮುಂದೆ ತಾನು ಊಟಕ್ಕೆ ಕುಳಿತಿರಲಿ, ಅಂತಃಪುರದಲ್ಲಿರಲಿ, ಉದ್ಯಾನದಲ್ಲಿರಲಿ, ಪ್ರಜೆಗಳ ಕಾರ್ಯವನ್ನು ವರದಿಗಾರರು ತನಗೆ ತಿಳಿಸಬೇಕೆಂದು ಅವನು ವಿಧಿಸುತ್ತಾನೆ. ಎಷ್ಟು ಶ್ರಮಿಸಿದರೂ ತನಗೆ ತೃಪ್ತಿಯಿಲ್ಲವೆನ್ನುತ್ತಾನೆ. ಬಳಿಕ ಕಾರಣವನ್ನು ಕೊಡುತ್ತಾನೆ: ತನ್ನ ಪರಿಶ್ರಮವೆಲ್ಲವೂ ಜೀವಿಗಳಿಗೆ ತಾನು ಸಲ್ಲಿಸಬೇಕಾದ ಋಣವನ್ನು ತೀರಿಸಲೆಂದು. ಕೀರ್ತಿಗಾಗಿ ಎಂದಿಲ್ಲ, ಬೊಕ್ಕಸಕ್ಕಾಗಿ ಎಂದಿಲ್ಲ. ಋಣವೆಂಬ ಮಾತು ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಅದನ್ನು ಉಳಿಸಿಕೊಂಡವನಿಗೆ ನಿದ್ರೆ ಬಾರದೆಂಬುದೂ ಗೊತ್ತು. ಬ್ರಹ್ಮಗಿರಿ ಮೊದಲಾದ ಕಡೆಗಳಲ್ಲಿ 256 ಎಂಬ ಅಂಕಿಯಿದೆ. ಪ್ರವಾಸದಲ್ಲಿ ಕಳೆದ 256 ರಾತ್ರಿಗಳೆಂದು ಹಲವು ವಿದ್ವಾಂಸರು ಅದನ್ನು ಅರ್ಥೈಸುತ್ತಾರೆ.

ಅರಸನೊಬ್ಬನೇ ಶ್ರಮಿಸಿದರೆ ರಾಜ್ಯ ನಡೆಯುವುದಿಲ್ಲ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ ವಿಗ್ರಹದ ಪೀಠವಾಗಿ ಬಳಕೆಯಾಗಿದ್ದ ಒಂದು ಶಿಲಾಫಲಕ 1980ರ ದಶಕದಲ್ಲಿ ದೊರೆಯಿತು. ಅದರಲ್ಲಿರುವ ಶಾಸನಗಳಲ್ಲಿ ಒಂದು ಒಡಿಶಾದ ಧೌಲಿಯಲ್ಲಿಯೂ ಇದೆ. ಅದು ಅಧಿಕಾರಿಗಳಿಗೆ ಹೇಳಿದ್ದು. ಜನರೆಲ್ಲರೂ ತನ್ನ ಮಕ್ಕಳೆಂದು ಹೇಳಿ, ಕಾರಣವಿಲ್ಲದೆ ಯಾರೂ ಸೆರೆವಾಸವನ್ನಾಗಲಿ ಹಿಂಸೆಯನ್ನಾಗಲಿ ಅನುಭವಿಸಬಾರದೆಂದು ಎಚ್ಚರಿಸುತ್ತದೆ. ಕರ್ತವ್ಯ ಕೆಡುವುದು ಏತರಿಂದ? ಅಸೂಯೆ, ಸಿಡುಕು, ನಿಷ್ಠುರತೆ, ಆತುರ, ಅಭ್ಯಾಸದ ಕೊರತೆ, ಸೋಮಾರಿತನ, ದಣಿವು. ಆತುರವನ್ನೂ ದಣಿವನ್ನೂ ಸೋಮಾರಿತನದ ಜೊತೆಗೆ ಎಣಿಸಿರುವುದು ಎಷ್ಟು ಅನುಭವದ ಮಾತು! ದಣಿದವನನ್ನು ಸೋಮಾರಿಯೆಂದು ಬೈಯುವ ಮೇಲಧಿಕಾರಿಗಳು ಈ ಪಟ್ಟಿಯನ್ನು ಒಮ್ಮೆ ಓದಬೇಕು. ಆ ಶಾಸನವನ್ನು ತಿಷ್ಯ, ಅಂದರೆ ಪುಷ್ಯ ನಕ್ಷತ್ರದ ದಿನಗಳಲ್ಲಿ ಓದಿ ಹೇಳಬೇಕು, ನಡುವೆಯೂ ಸಂದರ್ಭ ಬಂದಾಗ ಒಬ್ಬನೇ ಇದ್ದರೂ ಅವನಿಗೆ ಓದಿ ಹೇಳಬೇಕು ಎಂಬ ಸೂಚನೆಯೂ ಇದೆ. ಒಮ್ಮೆ ಕೇಳಿದ್ದು ಒಂದು ತಿಂಗಳಲ್ಲಿ ಮರೆತುಹೋಗುತ್ತದೆಂಬುದು ಅವನಿಗೆ ತಿಳಿದಿತ್ತು.

ಅಶೋಕನನ್ನು ದೋಷರಹಿತನೆಂದು ಚಿತ್ರಿಸುವುದು ನನ್ನ ಉದ್ದೇಶವಲ್ಲ. ಪಶ್ಚಾತ್ತಾಪದ ಆ ಹದಿಮೂರನೆಯ ಶಾಸನವನ್ನು ಕಳಿಂಗದ ಬಂಡೆಗಳ ಮೇಲೆ ಅವನು ಬರೆಸಲಿಲ್ಲ; ನೊಂದವರ ಕಣ್ಣಿಗೆ ಅದು ಬೀಳಲಿಲ್ಲ. ಅದೇ ಶಾಸನದಲ್ಲಿ ಕಾಡಿನ ಜನರಿಗೆ ಕ್ಷಮೆಯ ಜೊತೆ ಬೆದರಿಕೆಯೂ ಇದೆ. ಉಣ್ಣುವಾಗಲೂ ಕೆಲಸ ಮಾಡುವೆನೆಂಬ ಅರಸನ ಮಾತನ್ನು ಸಂಸಾರಸ್ಥರು ಅಕ್ಷರಶಃ ಅನುಸರಿಸಬೇಕಾಗಿಯೂ ಇಲ್ಲ. ಊಟದ ತಟ್ಟೆಯ ಪಕ್ಕದಲ್ಲಿ ಮೊಬೈಲ್ ಇಟ್ಟುಕೊಂಡು ಕಚೇರಿಗೆ ಉತ್ತರಿಸುವವರು ನಮ್ಮಲ್ಲಿ ಈಗಾಗಲೇ ಬೇಕಾದಷ್ಟಿದ್ದಾರೆ. ಆ ಮನೆಯ ಮಕ್ಕಳಿಗೂ ಒಂದು ಋಣ ಸಲ್ಲಬೇಕಾಗಿದೆ.

ಸಣ್ಣವನಿಗೂ ದಕ್ಕುತ್ತದೆಂಬ ಗವಿಮಠದ ಮಾತಿಗೆ ಹಿಂದಿರುಗೋಣ. ಸಾಮ್ರಾಜ್ಯದ ಸಣ್ಣವರ ಹೆಸರುಗಳು ನಮಗೆ ಉಳಿದಿಲ್ಲ. ಒಬ್ಬನದು ಮಾತ್ರ ಈ ಸೀಮೆಯಲ್ಲಿ ಉಳಿದಿದೆ. ಬ್ರಹ್ಮಗಿರಿಯ ಶಾಸನದಲ್ಲಿ, ತಾಯಿತಂದೆಯರ ಸೇವೆ, ಜೀವದಯೆ, ಸತ್ಯ, ಗುರುಗಳಲ್ಲಿ ಗೌರವ, ಬಂಧುಗಳಲ್ಲಿ ಸೌಜನ್ಯ ಇವುಗಳನ್ನು ಹೇಳಿ ಮುಗಿಸಿದ ಮೇಲೆ, ಕೊನೆಗೆ ಬರೆದವನ ಹೆಸರು ಬರುತ್ತದೆ: ಚಪಡ. ಹೆಸರು ಬ್ರಾಹ್ಮೀ ಲಿಪಿಯಲ್ಲಿಯೇ ಇದೆ. ಅದರ ಮುಂದೆ ‘ಲಿಪಿಕಾರ’ ಎಂಬ ತನ್ನ ವೃತ್ತಿಯ ಪದವೊಂದನ್ನು ಮಾತ್ರ ಅವನು ವಾಯವ್ಯ ಗಡಿಯ ಖರೋಷ್ಠೀ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಈ ಊರಿನಲ್ಲಿ ಆ ಲಿಪಿಯನ್ನು ಓದಬಲ್ಲವರು ಅಂದು ಯಾರಿದ್ದರೋ! ಆಜ್ಞೆ ಅರಸನದು, ಮಾತು ಅರಸನದು. ದೂರದ ಗಾಂಧಾರದ ಕಡೆಯಲ್ಲಿ ಕಲಿತದ್ದಿರಬಹುದಾದ ಆ ಅಕ್ಷರಗಳಲ್ಲಿ ತನ್ನ ಕೆಲಸದ ಹೆಸರನ್ನು ಕೆತ್ತಿಸಿದವನು ಚಪಡ. 2,200 ವರ್ಷಗಳ ಬಿಸಿಲು ಮಳೆಗಳನ್ನು ತಾಳಿಕೊಂಡು ಅದು ಈಗಲೂ ಅಲ್ಲಿದೆ. ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಕೊಪ್ಪಳದ ಗವಿಮಠಕ್ಕೆ ಹೋಗಿ ಬಂದವರು, ಸಾಧ್ಯವಾದರೆ ಬ್ರಹ್ಮಗಿರಿಗೂ ಹೋಗಿ ಬನ್ನಿರಿ.