ವಿಳಾಸ ನಮ್ಮದಾಗಿರಲಿ: ಸಣ್ಣ ಉದ್ದಿಮೆಗಳ ವೆಬ್‌ಸೈಟ್ ಮತ್ತು ಆನ್‌ಲೈನ್ ಪ್ರಚಾರದ ತಂತ್ರಾಂಶ – ಮೂರು ದಶಕಗಳ ಸಮೀಕ್ಷೆ

ಸಾಗರ ಪೇಟೆಯಿಂದ ಕೆಲವೇ ಕಿಲೋಮೀಟರ್ ದೂರದ ವರದಹಳ್ಳಿಗೆ ವರ್ಷವಿಡೀ ಜನ ಬರುತ್ತಾರೆ. 1973ರಲ್ಲಿ ಸಮಾಧಿಸ್ಥರಾದ ಶ್ರೀಧರ ಸ್ವಾಮಿಗಳ ಆಶ್ರಮ ಅಲ್ಲಿದೆ. ಸ್ವಾಮಿಗಳು ಸಮರ್ಥ ರಾಮದಾಸರ ಪರಂಪರೆಯವರಾದ್ದರಿಂದ ಮಹಾರಾಷ್ಟ್ರದ ಭಕ್ತರೂ ಬರುತ್ತಾರೆ. ಬಂದವರು ಇಕ್ಕೇರಿ, ಕೆಳದಿ ನೋಡಿಕೊಂಡು ಜೋಗಕ್ಕೆ ಹೋಗುವುದುಂಟು. 2023ರ ಫೆಬ್ರವರಿಯಲ್ಲಿ ಶಿವಮೊಗ್ಗಕ್ಕೆ ವಿಮಾನ ನಿಲ್ದಾಣ ಬಂತು. 2025ರ ಜುಲೈನಲ್ಲಿ ಶರಾವತಿ ಹಿನ್ನೀರಿಗೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಬಂದು, ಸಿಗಂದೂರಿನ ದಾರಿ ಲಾಂಚಿನ ಸರದಿಯಿಂದ ಬಿಡುಗಡೆ ಪಡೆಯಿತು.

ಈ ಓಡಾಟವನ್ನು ನಂಬಿದ ಉದ್ದಿಮೆಗಳು ಇಲ್ಲಿ ಹಲವು. ತೋಟದ ಮನೆಯ ಹೋಂಸ್ಟೇ, ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಜೋನಿ ಬೆಲ್ಲ, ಗುಡಿಗಾರರ ಗಂಧದ ಕೆತ್ತನೆ, ಭೀಮನಕೋಣೆಯ ಚರಕ ಸಂಸ್ಥೆಯ ಕೈಮಗ್ಗದ ಬಟ್ಟೆ ಇವುಗಳಲ್ಲಿ ಕೆಲವು. ಕೊಡಚಾದ್ರಿ, ನಗರದ ಕೋಟೆ ಇರುವ ಹೊಸನಗರಕ್ಕೂ ಆಗುಂಬೆ, ಕುಪ್ಪಳಿ ಇರುವ ತೀರ್ಥಹಳ್ಳಿಗೂ ಇದೇ ಮಾತು ಸಲ್ಲುತ್ತದೆ. ಇಂದಿನ ಗಿರಾಕಿ ಎಲ್ಲಿ ಉಳಿಯುವುದು, ಏನು ಕೊಳ್ಳುವುದು ಎಂದು ಊರು ಬಿಡುವ ಮೊದಲೇ ಫೋನಿನಲ್ಲಿ ನೋಡಿ ತೀರ್ಮಾನಿಸಿರುತ್ತಾನೆ. ಹಾಗಾಗಿ ವೆಬ್‌ಸೈಟ್ ನಡೆಸಲು, ಪ್ರಚಾರ ಮಾಡಲು ಯಾವ ತಂತ್ರಾಂಶ ಹಿಡಿಯಬೇಕು ಎನ್ನುವುದು ಮನೆಯ ಜಮಾಖರ್ಚಿನ ಪ್ರಶ್ನೆಯೇ ಆಗಿದೆ. ಮೂವತ್ತು ವರ್ಷಗಳಲ್ಲಿ ಈ ಕ್ಷೇತ್ರ ನಡೆದುಬಂದ ದಾರಿಯನ್ನು ನೋಡಿದರೆ ಆಯ್ಕೆಗೆ ಬೇಕಾದ ತಿಳಿವಳಿಕೆ ಅಲ್ಲಿಯೇ ಸಿಗುತ್ತದೆ.

ಕೈಯಲ್ಲಿ ಬರೆದ ಪುಟಗಳು

1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಮೂಲಕ ಭಾರತದ ಸಾಮಾನ್ಯ ಜನರಿಗೆ ಇಂಟರ್‌ನೆಟ್ ದೊರೆಯಿತು. ಆಗಿನ ವೆಬ್‌ಸೈಟ್ ಎಂದರೆ ಎಚ್‌ಟಿಎಂಎಲ್‌ನಲ್ಲಿ ಒಂದೊಂದಾಗಿ ಬರೆದಿಟ್ಟ ಪುಟಗಳು. ಮೈಕ್ರೋಸಾಫ್ಟಿನ ಫ್ರಂಟ್‌ಪೇಜ್, 1997ರಲ್ಲಿ ಬಂದ ಡ್ರೀಮ್‌ವೀವರ್ ಆ ಕೆಲಸವನ್ನು ಹಗುರ ಮಾಡಿದವು. ಆದರೂ ಕೋಣೆಯ ಬಾಡಿಗೆ ನೂರು ರೂಪಾಯಿ ಏರಿದರೆ ಅದನ್ನು ತಿದ್ದಲು ಪುಟ ಮಾಡಿಕೊಟ್ಟವರೇ ಬರಬೇಕಿತ್ತು. ಅವರು ಊರು ಬಿಟ್ಟರೆ ಹಳೆಯ ದರವೇ ವರ್ಷಗಟ್ಟಲೆ ಉಳಿಯುತ್ತಿತ್ತು.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ತೊಡಕೂ ಇತ್ತು. ಯು.ಬಿ. ಪವನಜರು 1996ರಲ್ಲಿ ‘ವಿಶ್ವಕನ್ನಡ’ ತಾಣ ಆರಂಭಿಸಿದಾಗ ಓದುಗರ ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರ ಮೂಡುವುದೇ ಸವಾಲಾಗಿತ್ತು. ಶೇಷಾದ್ರಿವಾಸು ಅವರ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಟೈಪಿಂಗನ್ನು ಮನೆಮನೆಗೆ ತಂದವು. ಆದರೆ ಹಳೆಯ ಫಾಂಟುಗಳಲ್ಲಿ ಟೈಪು ಮಾಡಿದ್ದು ಆ ಫಾಂಟ್ ಇಲ್ಲದ ಕಡೆ ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ಕಾಣುತ್ತಿತ್ತು. ಹುಡುಕಾಟದ ಯಂತ್ರಗಳಿಗೂ ಅದು ಕನ್ನಡವೆಂದು ತಿಳಿಯುತ್ತಿರಲಿಲ್ಲ. ಯುನಿಕೋಡ್ ಬಳಕೆಗೆ ಬಂದಮೇಲೆ ಈ ತೊಂದರೆ ನೀಗಿತು. ಇಂದಿಗೂ ಹಳೆಯ ಕರಪತ್ರದ ಬರಹವನ್ನು ವೆಬ್‌ಸೈಟಿಗೆ ಹಾಕುವವರು ಮೊದಲು ಯುನಿಕೋಡಿಗೆ ಬದಲಾಯಿಸಿಕೊಳ್ಳಬೇಕು. ಚಿತ್ರವಾಗಿ ಅಂಟಿಸಿದ ಕನ್ನಡವೂ ಹುಡುಕಾಟಕ್ಕೆ ಸರಿಯಾಗಿ ಸಿಗುವುದಿಲ್ಲ.

ಬರಹ ಬೇರೆ, ವಿನ್ಯಾಸ ಬೇರೆ

ಎರಡನೆಯ ಘಟ್ಟವನ್ನು ತಂದದ್ದು ಡ್ರೂಪಲ್ (2001), ವರ್ಡ್‌ಪ್ರೆಸ್ (2003), ಜೂಮ್ಲಾ (2005). ಇವುಗಳಲ್ಲಿ ಬರಹ, ಚಿತ್ರದ ವಿವರ, ದರ ಎಲ್ಲವೂ ಡೇಟಾಬೇಸಿನಲ್ಲಿ ಕೂತಿರುತ್ತವೆ. ಪುಟದ ಅಂದಚಂದ ನೋಡಿಕೊಳ್ಳಲು ಥೀಮ್ ಎನ್ನುವುದು ಬೇರೆಯೇ ಇರುತ್ತದೆ. ಲಾಗಿನ್ ಆಗಿ ದರ ತಿದ್ದಿ ಗುಂಡಿ ಒತ್ತಿದರೆ ಕೆಲಸ ಮುಗಿಯಿತು. ಮೂರೂ ಮುಕ್ತ ತಂತ್ರಾಂಶಗಳಾದ್ದರಿಂದ ಪರವಾನಗಿ ಶುಲ್ಕವಿಲ್ಲ, ಬೇರೆ ಸರ್ವರಿಗೆ ಸಾಗಿಸಲು ಯಾರ ಅನುಮತಿಯೂ ಬೇಡ. ಡ್ರೂಪಲ್ ದೊಡ್ಡ ಸಂಸ್ಥೆಗಳ ಕಡೆ ವಾಲಿತು, ಜೂಮ್ಲಾ ನಿಧಾನವಾಗಿ ಹಿಂದೆ ಬಿತ್ತು, ವರ್ಡ್‌ಪ್ರೆಸ್ ಬೆಳೆಯುತ್ತಲೇ ಹೋಯಿತು. ಇಂದು ಜಗತ್ತಿನ ಶೇ. 40ಕ್ಕೂ ಹೆಚ್ಚು ವೆಬ್‌ಸೈಟುಗಳು ಅದರ ಮೇಲೆ ನಡೆಯುತ್ತಿವೆ. 2011ರಲ್ಲಿ ಬಂದ ವೂಕಾಮರ್ಸ್ ಎಂಬ ಪ್ಲಗಿನ್ (ಮೇಲೆ ಸೇರಿಸಿಕೊಳ್ಳುವ ಉಪತಂತ್ರಾಂಶ) ಅದನ್ನು ಅಂಗಡಿಯಾಗಿಯೂ ಮಾಡಿತು.

ಶುಲ್ಕವಿಲ್ಲ ಎಂದಮಾತ್ರಕ್ಕೆ ಖರ್ಚಿಲ್ಲ ಎಂದಾಗದು. ಡೊಮೇನ್ (ತಾಣದ ವಿಳಾಸ) ಮತ್ತು ಹೋಸ್ಟಿಂಗಿಗೆ (ಸರ್ವರಿನ ಜಾಗ) ಪ್ರತಿ ವರ್ಷ ಹಣ ಕಟ್ಟಬೇಕು. ಹೋಸ್ಟಿಂಗ್ ಕಂಪನಿಗಳು ಮೊದಲ ವರ್ಷಕ್ಕೆ ದೊಡ್ಡ ರಿಯಾಯಿತಿ ತೋರಿಸಿ, ನವೀಕರಣದಲ್ಲಿ ಹಲವು ಪಟ್ಟು ಕೇಳುವುದು ರೂಢಿ. ಹಾಗಾಗಿ ಕೊಳ್ಳುವಾಗ ಎರಡನೆಯ ವರ್ಷದ ದರವನ್ನೇ ಲೆಕ್ಕಕ್ಕೆ ಹಿಡಿಯಬೇಕು. ಇನ್ನೊಂದು ಹೊಣೆ ಸುರಕ್ಷತೆಯದ್ದು. ವರ್ಡ್‌ಪ್ರೆಸ್ ತಾಣಗಳಿಗೆ ಕನ್ನ ಬೀಳುವುದು ಹೆಚ್ಚಾಗಿ ಅಪ್‌ಡೇಟ್ ಮಾಡದೆ ಬಿಟ್ಟ ಪ್ಲಗಿನ್‌ಗಳ ಮೂಲಕ. ಪ್ಲಗಿನ್ ಕಡಿಮೆ ಇರಬೇಕು, ಅಪ್‌ಡೇಟ್ ಆಗುತ್ತಿರಬೇಕು, ಬ್ಯಾಕಪ್ ಪ್ರತಿ ಬೇರೆ ಕಡೆ ಇರಬೇಕು. ಈ ಮೂರನ್ನು ನೋಡಿಕೊಳ್ಳುವವರು ಇಲ್ಲದ ಮನೆಗೆ ವರ್ಡ್‌ಪ್ರೆಸ್ ಹೊರೆಯಾಗುತ್ತದೆ.

ಬಾಡಿಗೆಯ ತಾಣಗಳು

ಆ ಹೊರೆಯನ್ನು ತಾವೇ ಹೊರುತ್ತೇವೆ ಎಂದು ಬಂದವು ಸ್ಕ್ವೇರ್‌ಸ್ಪೇಸ್, ವಿಕ್ಸ್, ವೀಬ್ಲಿಗಳಂಥ ಸೇವೆಗಳು. ತಿಂಗಳ ಬಾಡಿಗೆ ಕಟ್ಟಿದರೆ ವಿನ್ಯಾಸ, ಸರ್ವರ್, ಸುರಕ್ಷತೆ ಎಲ್ಲ ಅವರದೇ. ಎಳೆದು ಬಿಟ್ಟು ಪುಟ ಕಟ್ಟಬಹುದು. 2006ರಲ್ಲಿ ಆರಂಭವಾದ ಶಾಪಿಫೈ ಇದೇ ಮಾದರಿಯನ್ನು ಅಂಗಡಿಗೆ ತಂದು ದಾಸ್ತಾನು, ಆರ್ಡರ್, ಸಾಗಣೆಗಳನ್ನು ಒಂದೇ ಪರದೆಗೆ ತಂದಿತು. ನಮ್ಮ ದೇಶದ ಜೋಹೋ 1996ರಲ್ಲಿ ಅಡ್ವೆಂಟ್‌ನೆಟ್ ಎಂಬ ಹೆಸರಿನಲ್ಲಿ ಶುರುವಾಗಿ, ಗಿರಾಕಿ ನಿರ್ವಹಣೆ, ಇಮೇಲ್, ಲೆಕ್ಕಪತ್ರ, ವೆಬ್‌ಸೈಟ್, ಅಂಗಡಿಗಳ ಸರಣಿಯನ್ನೇ ಕಟ್ಟಿತು. ತಮಿಳುನಾಡಿನ ತೆಂಕಾಸಿಯ ಕಡೆಯ ಹಳ್ಳಿಯಿಂದಲೂ ಅದು ಕೆಲಸ ನಡೆಸುತ್ತಿರುವುದು ನಮ್ಮಂಥ ಊರುಗಳು ಗಮನಿಸಬೇಕಾದ ಸಂಗತಿ.

ಈ ಸೇವೆಗಳ ಮಿತಿ ಗೊತ್ತಾಗುವುದು ಬಿಟ್ಟು ಹೊರಡುವಾಗ. ಸರಕಿನ ಪಟ್ಟಿ, ಗಿರಾಕಿಗಳ ಪಟ್ಟಿಯನ್ನು ಫೈಲಾಗಿ ಇಳಿಸಿಕೊಳ್ಳಬಹುದು. ಕಟ್ಟಿದ ಪುಟ, ವಿನ್ಯಾಸಗಳನ್ನು ಹಾಗೆಯೇ ಹೊತ್ತೊಯ್ಯಲು ಬಹುತೇಕ ಕಡೆ ಆಗುವುದಿಲ್ಲ.

ಗಿರಾಕಿಯನ್ನು ಕರೆತರುವ ಉಪಕರಣಗಳು

ಪ್ರಚಾರದ ತಂತ್ರಾಂಶ ಇದರ ಜೊತೆಜೊತೆಗೇ ಬೆಳೆಯಿತು. 2000ದಲ್ಲಿ ಗೂಗಲ್ ಆಡ್‌ವರ್ಡ್ಸ್ ಆರಂಭವಾಯಿತು. ಹುಡುಕುವ ಪದಕ್ಕೆ ತಕ್ಕ ಜಾಹೀರಾತನ್ನು ಸಣ್ಣ ಮೊತ್ತದಲ್ಲೂ ಕೊಡಬಹುದೆಂಬುದು ಸಣ್ಣ ವ್ಯಾಪಾರಿಗಳಿಗೆ ಹೊಸ ಬಾಗಿಲು. 2001ರ ಮೇಲ್‌ಚಿಂಪ್ ಇಮೇಲ್ ಪತ್ರಗಳನ್ನು ಸುಲಭ ಮಾಡಿತು. 2005ರ ಗೂಗಲ್ ಅನಲಿಟಿಕ್ಸ್ ಯಾರು ಎಲ್ಲಿಂದ ಬಂದರು ಎಂಬ ಲೆಕ್ಕ ಕೊಟ್ಟಿತು. 2006ರ ಹಬ್‌ಸ್ಪಾಟ್ ವೆಬ್‌ಸೈಟ್, ಇಮೇಲ್, ಗಿರಾಕಿ ದಾಖಲೆಗಳನ್ನು ಒಂದೇ ಕಡೆ ಬೆಸೆಯಿತು. ಆದರೆ ಅದರ ದೊಡ್ಡ ಯೋಜನೆಗಳ ದರ ಮನೆವಾರ್ತೆ ಉದ್ದಿಮೆಗೆ ಎಟುಕುವಂಥದ್ದಲ್ಲ. 2007ರಲ್ಲಿ ಫೇಸ್‌ಬುಕ್ ವ್ಯಾಪಾರಿ ಪುಟಗಳು ಬಂದವು.

ಮಲೆನಾಡಿಗೆ ನಿಜವಾದ ತಿರುವು ಬಂದದ್ದು 2016ರಿಂದ ಈಚೆಗೆ. ಆ ವರ್ಷ ಯುಪಿಐ ಬಂತು, ಜಿಯೋ ಡೇಟಾ ದರವನ್ನು ತಗ್ಗಿಸಿತು. 2018ರ ಜನವರಿಯಲ್ಲಿ ವಾಟ್ಸ್‌ಆ್ಯಪ್ ಬಿಸಿನೆಸ್ ಆ್ಯಪ್ ಬಿಡುಗಡೆಯಾಗಿ, ಮರುವರ್ಷ ಅದಕ್ಕೆ ಸರಕಿನ ಕ್ಯಾಟಲಾಗ್ ಸೇರಿತು. ಅಪ್ಪೆಮಿಡಿ ಡಬ್ಬದ ಚಿತ್ರ ನೋಡಿ, ಮೆಸೇಜ್ ಹಾಕಿ, ಯುಪಿಐನಲ್ಲಿ ಹಣ ಕಳಿಸಿ, ಕೊರಿಯರ್ ತರಿಸಿಕೊಳ್ಳುವ ವ್ಯಾಪಾರಕ್ಕೆ ವೆಬ್‌ಸೈಟೇ ಬೇಡವೇನೋ ಅನ್ನಿಸತೊಡಗಿತು. ಗೂಗಲ್ ನಕ್ಷೆಯಲ್ಲಿ ಕಾಣುವ ಬಿಸಿನೆಸ್ ಪ್ರೊಫೈಲ್ ಇದೇ ಕಾಲದಲ್ಲಿ ದಾರಿಹೋಕರ ಕೈಮರವಾಯಿತು. ವರದಹಳ್ಳಿಯನ್ನು ಜನ ವರದಪುರ ಎಂದೂ ವದ್ದಳ್ಳಿ ಎಂದೂ ಹುಡುಕುವುದರಿಂದ, ಇಲ್ಲಿನ ಹೋಂಸ್ಟೇಯವರು ತಮ್ಮ ವೆಬ್‌ಸೈಟಿನ ವಿವರಣೆಯಲ್ಲಿ ಮೂರೂ ಹೆಸರುಗಳನ್ನು ಬರೆದಿಡುವುದು ಒಳ್ಳೆಯದು.

ಮುಚ್ಚಿದ ಬಾಗಿಲುಗಳ ಪಟ್ಟಿ

ಉಚಿತವಾಗಿ ಸಿಕ್ಕಿದ್ದು ಎಷ್ಟು ದಿನ ಉಳಿಯುತ್ತದೆ? ಲಕ್ಷಾಂತರ ಪುಟಗಳಿದ್ದ ಜಿಯೋಸಿಟೀಸ್ 2009ರಲ್ಲಿ ಮುಚ್ಚಿತು. ಆರ್ಕುಟ್ 2014ರಲ್ಲಿ, ಗೂಗಲ್ ಪ್ಲಸ್ 2019ರಲ್ಲಿ ಹೋದವು. ಅನಲಿಟಿಕ್ಸಿನ ಹಳೆಯ ಆವೃತ್ತಿ 2023ರ ಜುಲೈನಲ್ಲಿ ಲೆಕ್ಕ ಹಾಕುವುದನ್ನು ನಿಲ್ಲಿಸಿತು. ಬಿಸಿನೆಸ್ ಪ್ರೊಫೈಲಿನಿಂದಲೇ ಉಚಿತ ವೆಬ್‌ಸೈಟ್ ಮಾಡಿಕೊಳ್ಳುವ ಸೌಲಭ್ಯವನ್ನು ಗೂಗಲ್ 2024ರ ಮಾರ್ಚಿನಲ್ಲಿ ರದ್ದು ಮಾಡಿತು. ಅದನ್ನೇ ನಂಬಿ ಕಾರ್ಡು, ಬೋರ್ಡುಗಳಲ್ಲಿ ಆ ವಿಳಾಸ ಅಚ್ಚು ಹಾಕಿಸಿದವರಿಗೆ ಉಳಿದದ್ದು ತೆರೆಯದ ಕೊಂಡಿ. ಮೇಲ್‌ಚಿಂಪ್ ತನ್ನ ಉಚಿತ ಯೋಜನೆಯ ಮಿತಿಯನ್ನು ತಗ್ಗಿಸಿತು. ಫೇಸ್‌ಬುಕ್ ಪುಟದ ಸಂದೇಶ ಹಿಂಬಾಲಕರಿಗೆ ತಾನಾಗಿ ತಲುಪುವುದು ಕಡಿಮೆಯಾಗುತ್ತ ಬಂದು, ತಲುಪಿಸಬೇಕಾದರೆ ಜಾಹೀರಾತು ಕೊಳ್ಳಬೇಕು ಎಂಬಲ್ಲಿಗೆ ಬಂತು. ಕೋಣೆ ಕಾದಿರಿಸುವ ತಾಣಗಳು ಪ್ರತಿ ಬುಕಿಂಗಿಗೂ ಕಮಿಷನ್ ಹಿಡಿಯುತ್ತವೆ, ಶೇ. 15ರ ಆಸುಪಾಸು ಸಾಮಾನ್ಯ. ಬಂದ ಅತಿಥಿಯ ಇಮೇಲ್ ಕೂಡ ಹಲವು ವೇಳೆ ಮನೆಯವರಿಗೆ ನೇರವಾಗಿ ಸಿಗುವುದಿಲ್ಲ.

ಇದೇ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತಾಗ ತಗಾದೆಯಲ್ಲಿ ಮುಖ್ಯವಾಗಿದ್ದದ್ದು ಗೇಣಿ ಭತ್ತ ಅಳೆಯುವ ಕೊಳಗ. ಆ ರೈತರು ಪಟ್ಟ ಪಾಡಿಗೆ ಇಂದಿನ ವ್ಯಾಪಾರದ ತಾಪತ್ರಯವನ್ನು ಸಮ ಹಿಡಿಯುವುದು ಸಲ್ಲ. ಆದರೆ ಅಲ್ಲಿಂದ ಕಲಿತ ತಿಳಿವು ಇಲ್ಲಿಗೂ ಬೇಕು: ನೆಲವೂ ಬೇರೆಯವರದ್ದು, ಅಳತೆಯೂ ಬೇರೆಯವರ ಕೈಯಲ್ಲಿ ಎಂದಾದರೆ, ತನಗೆ ಎಷ್ಟು ಉಳಿಯುತ್ತದೆ ಎನ್ನುವುದು ದುಡಿದವನಿಗೇ ತಿಳಿಯುವುದಿಲ್ಲ. ಮೂರು ದಶಕಗಳ ಈ ಇತಿಹಾಸ ಓದಿದವರು ತಂತ್ರಾಂಶದ ಹೆಸರಿಗಿಂತ ಮೊದಲು ಕೇಳಬೇಕಾದದ್ದು ಒಡೆತನದ ಪ್ರಶ್ನೆಯನ್ನು.

ಒಡೆತನದ ಮೂರು ಕಂಬ

ಮೊದಲನೆಯದು ಡೊಮೇನ್. ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುವ ಈ ವಿಳಾಸ ಉದ್ದಿಮೆಯವರ ಹೆಸರಿನಲ್ಲಿ, ಅವರ ಇಮೇಲ್, ಅವರ ಫೋನ್ ನಂಬರಿನಲ್ಲಿಯೇ ನೋಂದಣಿಯಾಗಿರಬೇಕು. ಸೈಟ್ ಮಾಡಿಕೊಡುವವರ ಖಾತೆಯಲ್ಲಿ ಇರಬಾರದು. ಡೊಮೇನ್ ಕೈಯಲ್ಲಿದ್ದರೆ ವಿಕ್ಸ್ ಬಿಟ್ಟು ವರ್ಡ್‌ಪ್ರೆಸ್‌ಗೆ ಹೋದರೂ ಬೋರ್ಡಿನ ಮೇಲಿನ ವಿಳಾಸ ಬದಲಾಗದು. ಎರಡನೆಯದು ಗಿರಾಕಿಗಳ ಪಟ್ಟಿ. ಒಪ್ಪಿಗೆ ಪಡೆದು ಬರೆದಿಟ್ಟ ಹೆಸರು, ಫೋನ್, ಇಮೇಲ್‌ಗಳು ಒಂದು ಸಾದಾ ಸ್ಪ್ರೆಡ್‌ಶೀಟಿನಲ್ಲಿದ್ದರೂ ಸಾಕು. ಮೂರನೆಯದು ಚಿತ್ರ ಮತ್ತು ಬರಹದ ಮೂಲಪ್ರತಿ. ಅವು ಫೇಸ್‌ಬುಕ್ಕಿನಲ್ಲಿ ಮಾತ್ರ ಇದ್ದರೆ ಇಲ್ಲದಂತೆಯೇ.

ಈ ಮೂರು ಗಟ್ಟಿಯಾದ ಮೇಲೆ ತಂತ್ರಾಂಶದ ಆಯ್ಕೆ ಕಷ್ಟವಲ್ಲ. ಮೂರು ನಾಲ್ಕು ಕೋಣೆಗಳ ಹೋಂಸ್ಟೇಗೆ ಒಂದೆರಡು ಹಗುರ ಪುಟ, ನಕ್ಷೆಯ ಪ್ರೊಫೈಲ್, ವಾಟ್ಸ್‌ಆ್ಯಪ್ ಸಾಕು. ಬುಕಿಂಗ್ ತಾಣಗಳನ್ನೂ ಬಳಸಬಹುದು, ಆದರೆ ಕ್ಯಾಲೆಂಡರುಗಳನ್ನು ಒಂದಕ್ಕೊಂದು ಜೋಡಿಸುವ ಐಕ್ಯಾಲ್ ಸೌಲಭ್ಯ ಇರಲೇಬೇಕು. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋಗಿ, ಹಿಂದೆಯೇ ನೆಟ್ಟೂ ಹೋದಾಗ ಒಂದೇ ಕೋಣೆ ಇಬ್ಬರಿಗೆ ಬುಕ್ ಆಗುವುದನ್ನು ಅದು ಬಹುಮಟ್ಟಿಗೆ ತಪ್ಪಿಸುತ್ತದೆ. ವರದಹಳ್ಳಿಗೆ ಬರುವ ಮರಾಠಿ ಯಾತ್ರಿಕರಿಗಾಗಿ ಒಂದು ಮರಾಠಿ ಪುಟ ಹಾಕಿದರೆ, ಬೆಂಗಳೂರಿನವರಿಗೆಂದು ಕೊಡುವ ಜಾಹೀರಾತಿಗಿಂತ ಹೆಚ್ಚು ಫಲ ಸಿಗಬಹುದು.

ಉಪ್ಪಿನಕಾಯಿ, ಹಪ್ಪಳ ಮಾಡುವ ಮನೆಗಳಿಗೆ, ಸ್ವಸಹಾಯ ಸಂಘಗಳಿಗೆ ಮೊದಲು ವಾಟ್ಸ್‌ಆ್ಯಪ್ ಕ್ಯಾಟಲಾಗ್. ಆರ್ಡರುಗಳು ಪುಸ್ತಕದಲ್ಲಿ ಬರೆದಿಡಲು ಮೀರಿದಾಗ ಮಾತ್ರ ಅಂಗಡಿ ತಂತ್ರಾಂಶ. ನೋಡಿಕೊಳ್ಳುವ ಮಗನೋ ಮಗಳೋ ಮನೆಯಲ್ಲಿದ್ದರೆ ವೂಕಾಮರ್ಸ್, ಇಲ್ಲದಿದ್ದರೆ ತಿಂಗಳ ಬಾಡಿಗೆಯ ಸೇವೆ. ಕೇಂದ್ರ ಸರ್ಕಾರದ ಬೆಂಬಲದಿಂದ 2021ರ ಕೊನೆಗೆ ಹುಟ್ಟಿದ ಓಎನ್‌ಡಿಸಿ ಜಾಲ, ಒಂದು ಆ್ಯಪಿನ ಮಾರಾಟಗಾರ ಇನ್ನೊಂದು ಆ್ಯಪಿನ ಗಿರಾಕಿಗೂ ಸಿಗುವಂತೆ ಮಾಡಲು ಹೊರಟ ಪ್ರಯತ್ನ. ಸೇರುವ ಮುನ್ನ ಶುಲ್ಕ, ಸಾಗಣೆಯ ಲೆಕ್ಕ ನೋಡಬೇಕು. ಕೆತ್ತನೆ, ಕೈಮಗ್ಗಗಳಲ್ಲಿ ಒಂದೊಂದು ವಸ್ತುವೂ ಬೇರೆಯಾದ್ದರಿಂದ ಒಳ್ಳೆಯ ಚಿತ್ರ, ಮಾಡಿದವರ ವಿವರ, ಕಾಲಕಾಲಕ್ಕೆ ಕಳಿಸುವ ಇಮೇಲ್ ಹೆಚ್ಚು ಕೆಲಸಕ್ಕೆ ಬರುತ್ತವೆ. ಇಂಥವರು ಒಬ್ಬೊಬ್ಬರೇ ಹೆಣಗುವುದಕ್ಕಿಂತ ಸಂಘವಾಗಿ ಒಂದೇ ತಾಣ ನಡೆಸುವುದು ಲೇಸು. ಅಡಿಕೆಗೆ 1939ರಲ್ಲೇ ಮ್ಯಾಮ್‌ಕೋಸ್ ಸಹಕಾರ ಸಂಘ ಕಟ್ಟಿಕೊಂಡ ಮಲೆನಾಡಿಗೆ ಕೂಡಿ ಮಾರುವುದು ಹೊಸ ವಿದ್ಯೆಯಲ್ಲ.

ಯಾವುದನ್ನೇ ಆರಿಸಿದರೂ ಪುಟ ಹಗುರವಾಗಿರಲಿ. ಗೂಗಲ್ 2015ರಿಂದಲೇ ಫೋನಿನಲ್ಲಿ ಸರಿಯಾಗಿ ತೆರೆಯುವ ಪುಟಗಳಿಗೆ ಮಣೆ ಹಾಕುತ್ತಿದೆ. ನೆಟ್‌ವರ್ಕಿಗಾಗಿ ಮತದಾನ ಬಹಿಷ್ಕಾರದ ಮಾತಾಡಿದ ಹಳ್ಳಿಗಳಿರುವ ಸೀಮೆ ನಮ್ಮದು. ಭಾರದ ವಿಡಿಯೊ ತುಂಬಿದ ಪುಟ ಇಲ್ಲಿ ದಾರಿ ಹುಡುಕುವ ಪ್ರವಾಸಿಗೇ ತೆರೆಯುವುದಿಲ್ಲ. ಸುರಕ್ಷತಾ ಪ್ರಮಾಣಪತ್ರ ಲೆಟ್ಸ್ ಎನ್‌ಕ್ರಿಪ್ಟ್‌ನಿಂದ ಉಚಿತವಾಗಿ ಸಿಗುವುದರಿಂದ ಅದಕ್ಕೆ ಬೇರೆ ಹಣ ಕೇಳಿದರೆ ಕಾರಣ ಕೇಳಿ.

ಕಾನೂನಿನ ಕಡೆಯೂ ಕಣ್ಣಿರಲಿ. ಆಹಾರ ಮಾರುವವರಿಗೆ ಎಫ್‌ಎಸ್‌ಎಸ್‌ಎಐ ನೋಂದಣಿ ಕಡ್ಡಾಯ. ವಹಿವಾಟಿನ ಮಿತಿಯೊಳಗಿನ ಸಣ್ಣವರು ಇ–ಕಾಮರ್ಸ್ ತಾಣಗಳ ಮೂಲಕ ರಾಜ್ಯದೊಳಗೆ ಜಿಎಸ್‌ಟಿ ನೋಂದಣಿಯಿಲ್ಲದೆ ಸರಕು ಮಾರಲು 2023ರ ಅಕ್ಟೋಬರಿನಿಂದ ಅವಕಾಶವಿದೆ, ಹೊರರಾಜ್ಯಕ್ಕೆ ಕಳಿಸುವಾಗ ನಿಯಮ ಬೇರೆ. ಸಗಟು ಎಸ್‌ಎಂಎಸ್ ಕಳಿಸಲು ಟ್ರಾಯ್ ನಿಯಮದಂತೆ ನೋಂದಣಿ ಬೇಕು. ಗಿರಾಕಿಗಳ ವಿವರ ಇಟ್ಟುಕೊಳ್ಳುವವರಿಗೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೊಣೆ ಹೊರಿಸುತ್ತದೆ.

ಈಗ ಕೃತಕ ಬುದ್ಧಿಮತ್ತೆ ಕ್ಷಣದಲ್ಲಿ ಸೈಟು ಕಟ್ಟಿಕೊಡುತ್ತದೆ, ವಿವರಣೆಯನ್ನೂ ಬರೆಯುತ್ತದೆ. ಹುಡುಕಾಟದ ಯಂತ್ರಗಳೂ ಕೊಂಡಿ ತೋರಿಸುವ ಬದಲು ಉತ್ತರವನ್ನೇ ಹೇಳತೊಡಗಿವೆ. ಮುಂದಿನ ಹತ್ತು ವರ್ಷಗಳಲ್ಲಿ ಇಂದಿನ ಉಪಕರಣಗಳಲ್ಲಿ ಹಲವು ಉಳಿಯಲಾರವು. ಬದಲಾಗುವುದನ್ನು ಬಾಡಿಗೆಗೆ ಪಡೆಯೋಣ, ಬದಲಾಗಬಾರದ್ದನ್ನು ಸ್ವಂತ ಇಟ್ಟುಕೊಳ್ಳೋಣ. ಈ ವಾರವೇ ಮಾಡಬಹುದಾದ ಕೆಲಸ ಒಂದಿದೆ: ನಿಮ್ಮ ಉದ್ದಿಮೆಯ ಡೊಮೇನ್ ಯಾರ ಹೆಸರಿನಲ್ಲಿದೆ, ಯಾವಾಗ ಮುಗಿಯುತ್ತದೆ, ಪಾಸ್‌ವರ್ಡ್ ಯಾರ ಬಳಿ ಇದೆ ಎಂದು ವಿಚಾರಿಸಿ ಒಂದು ಹಾಳೆಯಲ್ಲಿ ಬರೆದಿಡಿ. ಆ ಹಾಳೆಯಲ್ಲಿ ನಿಮ್ಮ ಹೆಸರೇ ಇದ್ದರೆ, ತಂತ್ರಾಂಶ ಯಾವುದಾದರೂ ವ್ಯಾಪಾರ ನಿಮ್ಮದು.