ತುರ್ತು ಚಿಕಿತ್ಸೆಯ ಮೂರು ವಿಳಂಬಗಳು: ಕಂಬಂ ಕಣಿವೆಯ ನಿದರ್ಶನ

ತುರ್ತು ಚಿಕಿತ್ಸೆಯ ಲಭ್ಯತೆಯನ್ನು ಅಳೆಯಲು ಸಂಶೋಧಕರು ಇಂದಿಗೂ ಆಧರಿಸುವ ಚೌಕಟ್ಟು 1994ರದು. ತಾಯಂದಿರ ಮರಣದ ಕಾರಣಗಳನ್ನು ಅರಸಿದ ಸೆರೀನ್ ಥಡಿಯಸ್ ಮತ್ತು ಡೆಬೋರಾ ಮೇನ್ ಅವರು ಮೂರು ವಿಳಂಬಗಳನ್ನು ಗುರುತಿಸಿದರು: ಆಸ್ಪತ್ರೆಗೆ ಹೋಗಲು ನಿರ್ಧರಿಸುವಲ್ಲಿ, ಅಲ್ಲಿಗೆ ತಲಪುವಲ್ಲಿ, ತಲಪಿದ ಬಳಿಕ ತಕ್ಕ ಚಿಕಿತ್ಸೆ ದೊರೆಯುವಲ್ಲಿ. ಹಾವು ಕಡಿತ, ಅಪಘಾತಗಳಿಗೂ ಇದು ಅನ್ವಯಿಸುತ್ತದೆ.

ತಮಿಳುನಾಡಿನ ತೇನಿ ಜಿಲ್ಲೆಯ ಕಂಬಂ ಕಣಿವೆಯಲ್ಲಿ ಕನ್ನಡ ಮನೆಮಾತಿನ ಕಾಪ್ಪಿಲಿಯ ಒಕ್ಕಲಿಗರು ತಲೆಮಾರುಗಳಿಂದ ನೆಲೆಸಿದ್ದಾರೆ. ಶಾಲೆ, ಕಚೇರಿ, ಆಸ್ಪತ್ರೆಗಳ ಭಾಷೆ ತಮಿಳು. ಸುತ್ತಲೂ ಗದ್ದೆ, ದ್ರಾಕ್ಷಿ ತೋಟ. ಪಶ್ಚಿಮಕ್ಕೆ ಇಡುಕ್ಕಿಯ ಏಲಕ್ಕಿ ಮಲೆ. ಕೂಲಿಕಾರರು ಜೀಪುಗಳಲ್ಲಿ ಘಾಟಿ ಹತ್ತಿ ಇಳಿಯುತ್ತಾರೆ.

ತೇನಿಯಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಇದೆ; 108 ಆಂಬುಲೆನ್ಸ್ 2008ರಲ್ಲಿ ತಮಿಳುನಾಡಿಗೆ ಬಂದಿತು. ಆದರೆ ಕಾಲೇಜು ಆಸ್ಪತ್ರೆ ಇರುವುದು ಮದುರೈ ರಸ್ತೆಯಲ್ಲಿ. ಕಂಬಂನಿಂದ ಹೊರಟ ವಾಹನ ತೇನಿ ಪಟ್ಟಣವನ್ನೂ ದಾಟಬೇಕು. 2018ರ ಮಾರ್ಚ್ 11ರಂದು ಕುರಂಗಣಿಯಲ್ಲಿ ಕಾಡ್ಗಿಚ್ಚಿಗೆ ಸಿಲುಕಿದ ಚಾರಣಿಗರನ್ನು ಇಳಿಸಲು ವಾಯುಪಡೆಯ ಹೆಲಿಕಾಪ್ಟರುಗಳೂ ಬರಬೇಕಾಯಿತು. ನಮ್ಮ ಕಾಸರಗೋಡಿಗೂ ಈ ಎರಡನೆಯ ವಿಳಂಬ ಅಪರಿಚಿತವಲ್ಲ: 2020ರಲ್ಲಿ ಮಂಗಳೂರಿನ ದಾರಿ ತಲಪಾಡಿಯಲ್ಲಿ ಮುಚ್ಚಿದಾಗ ರೋಗಿಗಳಿಗಾಗಿ ಕೇರಳ ಹೈಕೋರ್ಟಿನ ಮೆಟ್ಟಿಲೇರಬೇಕಾಯಿತು.

ಮೂರನೆಯದು ಸಂಪನ್ಮೂಲದ ಪ್ರಶ್ನೆ. ತಮಿಳುನಾಡಿನ ತುರ್ತು ವಿಭಾಗಗಳಲ್ಲಿ ರೋಗಿಗಳನ್ನು ಕೆಂಪು, ಹಳದಿ, ಹಸಿರು ಎಂದು ವಿಂಗಡಿಸುತ್ತಾರೆ. ಮೊದಲು ಬಂದವನಿಗೆ ಮೊದಲು ಚಿಕಿತ್ಸೆ ಎಂಬುದು ಅಲ್ಲಿ ನ್ಯಾಯವಲ್ಲ. ಹಾವು ಕಡಿದವರಿಗೆಲ್ಲ ಪ್ರತಿವಿಷ ಕೊಡುವುದಿಲ್ಲ. ಸ್ವಚ್ಛವಾದ ಒಣ ಗಾಜಿನ ನಳಿಕೆಯಲ್ಲಿ ರಕ್ತವನ್ನು 20 ನಿಮಿಷ ಅಲುಗಿಸದೆ ಇಟ್ಟು, ಹೆಪ್ಪುಗಟ್ಟದಿದ್ದರೆ ಕೊಡುತ್ತಾರೆ. ರಕ್ತ ಹೆಪ್ಪುಗಟ್ಟಿದರೂ ರೆಪ್ಪೆ ಜೋತುಬಿದ್ದರೆ, ಉಸಿರು ಕಟ್ಟಿದರೆ ಕೊಡಲೇಬೇಕು. ನಾಗರಹಾವಿನ ವಿಷ ನರಗಳನ್ನು ಹಿಡಿಯುತ್ತದೆ. ದುಬಾರಿ ಔಷಧಿಯನ್ನು ಬೇಕಾದವರಿಗೆ ಉಳಿಸಲು ಇಷ್ಟು ಅಗ್ಗದ ಪರೀಕ್ಷೆ ಬೇರೊಂದಿಲ್ಲವೆಂದು ನಮ್ಮ ಅಭಿಪ್ರಾಯ. 2021ರ ಡಿಸೆಂಬರಿನಿಂದ ಆ ರಾಜ್ಯದಲ್ಲಿ ರಸ್ತೆ ಅಪಘಾತದ ಗಾಯಾಳುಗಳಿಗೆ ಮೊದಲ 48 ಗಂಟೆಗಳ ಚಿಕಿತ್ಸೆ ಉಚಿತವಾಗಿದೆ.

ಈ ಚೌಕಟ್ಟಿನಲ್ಲಿ ಕಾಣದ ನಾಲ್ಕನೆಯ ವಿಳಂಬವೊಂದಿದೆ: ಮನೆಗೆ ಮರಳಿದ ಮೇಲಿನ ಆರೈಕೆ. ಕೊಳಕುಮಂಡಲ ಕಡಿದವರ ಮೂತ್ರಪಿಂಡವನ್ನು ಬಿಡುಗಡೆಯ ಬಳಿಕವೂ ಪರೀಕ್ಷಿಸಬೇಕು. ಆದರೆ ಬಿಡುಗಡೆ ಚೀಟಿ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ಕಂಬಂನಲ್ಲಾಗಲಿ ಕಾಸರಗೋಡಿನಲ್ಲಾಗಲಿ ಅಜ್ಜಿಗೆ ಅದನ್ನು ಓದಿ ಹೇಳುವವರು ಹೆಚ್ಚಾಗಿ ಶಾಲೆಗೆ ಹೋಗುವ ಮೊಮ್ಮಕ್ಕಳೇ. ಮರುಭೇಟಿಯ ದಿನಾಂಕ, ಔಷಧಿಯ ಪ್ರಮಾಣ, ಅಪಾಯದ ಲಕ್ಷಣ, ಈ ಮೂರನ್ನು ಆಸ್ಪತ್ರೆ ಬಿಡುವ ಮುನ್ನ ಕೇಳಿ, ಕನ್ನಡದಲ್ಲಿ ಬರೆದುಕೊಳ್ಳಬೇಕೆಂದು ಪೋಷಕರಲ್ಲಿ ವಿನಂತಿಸುತ್ತೇವೆ.