ಒಂದೇ ಟ್ಯೂಬಿನ ಎರಡು ವರದಿಗಳು: ರಕ್ತಹೀನತೆಯ ನಾಡಿನಲ್ಲಿ ಎಚ್‌ಬಿಎ1ಸಿ

ಮಧುಮೇಹದ ಪತ್ತೆಗೆ ಎಚ್‌ಬಿಎ1ಸಿ ಶೇ. 6.5 ಎಂಬ ಗಡಿಯನ್ನು ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ 2010ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಒಪ್ಪಿಕೊಂಡವು. ಎರಡನೆಯ ಸಂಸ್ಥೆ ಒಪ್ಪುವಾಗ ಷರತ್ತುಗಳನ್ನೂ ಹಾಕಿತ್ತು: ಪರೀಕ್ಷೆಯ ಗುಣಮಟ್ಟ ಖಚಿತವಾಗಿರಬೇಕು, ಅಳತೆಯನ್ನು ಕೆಡಿಸುವ ಬೇರೆ ಸ್ಥಿತಿ ರೋಗಿಯಲ್ಲಿ ಇರಬಾರದು. ಗಡಿ ನಮ್ಮಲ್ಲಿ ಬೇಗ ಬೇರೂರಿತು, ಷರತ್ತುಗಳು ಹಿಂದೆ ಬಿದ್ದವು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ರಕ್ತಹೀನತೆ ದೇಶದಲ್ಲಿ ಶೇ. 57, ಕರ್ನಾಟಕದಲ್ಲಿ ಶೇ. 47.8. ಅಪವಾದವೆಂದು ಬದಿಗಿಟ್ಟ ಸ್ಥಿತಿ ಇಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹೆಂಗಸರದು. ಇಂಥ ಕಡೆ ಎಚ್‌ಬಿಎ1ಸಿಯನ್ನು ಒಂಟಿಯಾಗಿ ರೋಗನಿರ್ಣಯಕ್ಕೆ ಬಳಸಬಾರದು, ರಕ್ತಕಣಗಳ ಎಣಿಕೆ ಮತ್ತು ಪ್ಲಾಸ್ಮಾ ಗ್ಲೂಕೋಸ್ ಜೊತೆಗಿಟ್ಟೇ ಓದಬೇಕು ಎಂಬುದು ಈ ಲೇಖನದ ವಾದ.

ಪರೀಕ್ಷೆ ಅಳೆಯುವುದು ಗ್ಲೂಕೋಸ್ ಅಂಟಿಕೊಂಡ ಹಿಮೋಗ್ಲೋಬಿನ್ನಿನ ಪಾಲನ್ನು. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ. ಅಷ್ಟೂ ದಿನ ಯಾವ ಕಿಣ್ವದ ನೆರವೂ ಇಲ್ಲದೆ ಗ್ಲೂಕೋಸ್ ಅದಕ್ಕೆ ನಿಧಾನವಾಗಿ ಅಂಟುತ್ತ ಹೋಗುತ್ತದೆ. ಆದ್ದರಿಂದ ಬರುವ ಅಂಕಿಯಲ್ಲಿ ಸಕ್ಕರೆಯ ಮಟ್ಟದಷ್ಟೇ ಕಣದ ವಯಸ್ಸೂ ಸೇರಿರುತ್ತದೆ. ಕಬ್ಬಿಣದ ಕೊರತೆಯಲ್ಲಿ ಹೊಸ ಕಣಗಳು ಹುಟ್ಟುವುದು ಕಡಿಮೆಯಾಗಿ ಹಳೆಯವುಗಳ ಪಾಲು ಹೆಚ್ಚುತ್ತದೆ, ಅಂಕಿ ಮೇಲೇರುತ್ತದೆ. ಕಬ್ಬಿಣದ ಮಾತ್ರೆ ಶುರು ಮಾಡಿದರೆ ಎಳೆಯ ಕಣಗಳು ಒಮ್ಮೆಲೇ ತುಂಬಿಕೊಂಡು ಅಂಕಿ ಇಳಿಯುತ್ತದೆ. ಹಿಮೋಗ್ಲೋಬಿನ್ 9 ಗ್ರಾಂ ಇರುವ ಹೆಂಗಸಿನ ವರದಿಯಲ್ಲಿ ಈ ತಿಂಗಳು 6.6 ಎಂದಿದ್ದದ್ದು, ಊಟದಲ್ಲಿ ಯಾವ ಬದಲಾವಣೆಯೂ ಇಲ್ಲದೆ, ಕೆಲವು ತಿಂಗಳ ನಂತರ 6.1 ಆಗಬಹುದು. ಮೆಟ್‌ಫಾರ್ಮಿನ್ ಈ ನಡುವೆ ಶುರುವಾಗಿದ್ದರೆ ಇಳಿತದ ಶ್ರೇಯ ಅದಕ್ಕೇ ಸಲ್ಲುತ್ತದೆ! ಕಣಗಳು ಬೇಗ ಒಡೆಯುವ ಕಾಯಿಲೆಗಳಲ್ಲಿ, ಈಚೆಗೆ ರಕ್ತಸ್ರಾವವಾದವರಲ್ಲಿ ಇದು ತಿರುವುಮುರುವು: ಸಕ್ಕರೆ ಹೆಚ್ಚಿದ್ದರೂ ಅಂಕಿ ಸುಮ್ಮನಿರುತ್ತದೆ. ತಪ್ಪು ಎರಡೂ ದಿಕ್ಕಿಗೆ ಹೋಗುವುದರಿಂದ, ಭಾರತೀಯರಿಗೆಂದು ಬೇರೊಂದು ಗಡಿ ಗೊತ್ತುಮಾಡಿದರೆ ಸಾಕೆಂಬ ಸಲಹೆ ನಿಲ್ಲುವುದಿಲ್ಲ.

ಈ ಏರುಪೇರು ಅರ್ಧ ಅಂಕದಷ್ಟು, ಅದಕ್ಕೇಕೆ ಇಷ್ಟು ಗದ್ದಲ ಎಂಬುದು ಮೊದಲ ಆಕ್ಷೇಪ. 10 ಇರುವವರಿಗೆ ಅರ್ಧ ಅಂಕ ನಿಜಕ್ಕೂ ಲೆಕ್ಕಕ್ಕಿಲ್ಲ. ಆದರೆ ಪತ್ತೆಯ ಪ್ರಶ್ನೆ ಏಳುವುದೇ ಗಡಿಯ ಆಚೀಚೆ ಇರುವವರಲ್ಲಿ. ಐಸಿಎಂಆರ್–ಇಂಡಿಯಾಬ್ ಅಧ್ಯಯನ 2023ರಲ್ಲಿ ದೇಶದ 10.1 ಕೋಟಿ ಜನರಿಗೆ ಮಧುಮೇಹವಿದೆ, 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ ಎಂದು ಅಂದಾಜಿಸಿತು. ಹೊಸ್ತಿಲಲ್ಲಿ ಇಷ್ಟು ಮಂದಿ ನಿಂತಿರುವಾಗ ಅರ್ಧ ಅಂಕದಿಂದ ಆಚೀಚೆ ಆಗುವವರು ಬೆರಳೆಣಿಕೆಯಷ್ಟಿರಲಾರರು.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಪ್ಲಾಸ್ಮಾ ಗ್ಲೂಕೋಸ್ ಏನು ಮಹಾ ನಂಬಿಕಸ್ಥ ಅಳತೆಯೇ? ಅದು ದಿನದಿಂದ ದಿನಕ್ಕೆ ಬದಲಾಗುತ್ತದೆ, ಖಾಲಿ ಹೊಟ್ಟೆಯಲ್ಲಿ ಬರಬೇಕು. 75 ಗ್ರಾಂ ಗ್ಲೂಕೋಸ್ ಕುಡಿದು ಎರಡು ಗಂಟೆ ಕಾಯಿರಿ ಎಂದರೆ ದಿನಗೂಲಿಯವರು ಎದ್ದು ಹೋಗುತ್ತಾರೆ. ಸಾಲದ್ದಕ್ಕೆ ತೆಗೆದಿಟ್ಟ ರಕ್ತದಲ್ಲೂ ಕಣಗಳು ಸಕ್ಕರೆಯನ್ನು ತಿನ್ನುತ್ತಲೇ ಇರುತ್ತವೆ. ಸಾಮಾನ್ಯ ಉಷ್ಣತೆಯಲ್ಲಿ ಗಂಟೆಗೆ ಶೇ. 5ರಿಂದ 7ರಷ್ಟು ಇಳಿಕೆ. ಬೂದು ಮುಚ್ಚಳದ ಟ್ಯೂಬಿನ ಫ್ಲೋರೈಡ್ ಕೂಡ ಮೊದಲ ಒಂದೆರಡು ಗಂಟೆ ಇದನ್ನು ಪೂರ್ತಿ ತಡೆಯುವುದಿಲ್ಲ. ಹಳ್ಳಿಯ ಶಿಬಿರದಲ್ಲಿ ಬೆಳಗ್ಗೆ ತೆಗೆದ 130 ಮಿಲಿಗ್ರಾಂ, ತಾಲ್ಲೂಕಿನ ಲ್ಯಾಬ್ ತಲುಪುವ ಹೊತ್ತಿಗೆ 126ರ ಗಡಿಯಿಂದ ಕೆಳಗಿಳಿದಿರಬಹುದು. ಇದನ್ನೆಲ್ಲ ಒಪ್ಪಲೇಬೇಕು. ಆದರೆ ಗ್ಲೂಕೋಸಿನ ದೋಷ ಹುಟ್ಟುವುದು ಸಾಗಣೆಯಲ್ಲಿ, ಎಚ್‌ಬಿಎ1ಸಿಯ ದೋಷ ಹುಟ್ಟುವುದು ರೋಗಿಯ ರಕ್ತದಲ್ಲೇ. ಮೂಲ ಬೇರೆಯಾದ್ದರಿಂದ ಎರಡೂ ಒಂದೇ ಮಾತು ಹೇಳಿದಾಗ ರೋಗನಿರ್ಣಯ ಗಟ್ಟಿಯಾಗುತ್ತದೆ. ಹೊಂದದಿದ್ದರೆ ಆ ವ್ಯತ್ಯಾಸವೇ ರಕ್ತವನ್ನು ತಪಾಸಿಸಲು ಸೂಚನೆ.

ಖರ್ಚಿನ ಮಾತಿಗೆ ಉತ್ತರ ಟ್ಯೂಬಿನಲ್ಲೇ ಇದೆ. ಎಚ್‌ಬಿಎ1ಸಿಗೂ ಸಂಪೂರ್ಣ ರಕ್ತಕಣ ಎಣಿಕೆಗೂ ಬಳಸುವುದು ಇಡಿಟಿಎ ಇರುವ ಅದೇ ನೇರಳೆ ಮುಚ್ಚಳದ ಟ್ಯೂಬು. ಖಾಸಗಿ ಲ್ಯಾಬುಗಳ ‘ಹೆಲ್ತ್ ಪ್ಯಾಕೇಜು’ಗಳಲ್ಲಿ ಸಾಮಾನ್ಯವಾಗಿ ಎರಡೂ ಇರುತ್ತವೆ. ಒಂದು ಪುಟದಲ್ಲಿ ಹಿಮೋಗ್ಲೋಬಿನ್ ಕಡಿಮೆ, ಕಣದ ಗಾತ್ರ ಸಣ್ಣದು ಎಂದಿರುತ್ತದೆ. ಮುಂದಿನ ಪುಟದಲ್ಲಿ 6.6ರ ಎದುರು ‘ಮಧುಮೇಹ’ ಎಂದು ಅಚ್ಚಾಗಿರುತ್ತದೆ. ಪಕ್ಕದಲ್ಲಿ ಮುದ್ರಿಸುವ ಸರಾಸರಿ ಗ್ಲೂಕೋಸ್ ಇನ್ನೂ ದಾರಿ ತಪ್ಪಿಸುವಂಥದ್ದು. ಆ ಸೂತ್ರ ಬಂದದ್ದು 2008ರಲ್ಲಿ ಪ್ರಕಟವಾದ, 507 ಮಂದಿಯ ಅಧ್ಯಯನದಿಂದ. ರಕ್ತಹೀನತೆ ಇದ್ದವರನ್ನು ಅದರಿಂದ ಮೊದಲೇ ಹೊರಗಿಡಲಾಗಿತ್ತು.

ಇದರಿಂದ ಎಚ್‌ಬಿಎ1ಸಿ ನಿಷ್ಪ್ರಯೋಜಕವೆಂದಾಗದು. ಟೈಪ್ 1 ಮಧುಮೇಹದ 1,441 ಮಂದಿಯ ಮೇಲೆ ನಡೆದು 1993ರಲ್ಲಿ ಪ್ರಕಟವಾದ ಅಮೆರಿಕ–ಕೆನಡಾ ಪ್ರಯೋಗ, ಈ ಅಂಕಿಯನ್ನು 7ರ ಸುಮಾರಿಗೆ ಇಳಿಸಿದರೆ ಕಣ್ಣು, ಮೂತ್ರಪಿಂಡ, ನರಗಳಿಗಾಗುವ ಹಾನಿ ತಗ್ಗುತ್ತದೆ ಎಂದು ತೋರಿಸಿತು. ರೋಗ ಖಚಿತವಾದ ಮೇಲೆ ಅದೇ ವ್ಯಕ್ತಿಯ ಹಿಂದಿನ ಅಂಕಿಗೆ ಇಂದಿನದನ್ನು ಹೋಲಿಸುವಾಗ, ರಕ್ತದ ಸ್ಥಿತಿ ಹೆಚ್ಚು ಬದಲಾಗದಿದ್ದರೆ, ಇದರಷ್ಟು ಅನುಕೂಲದ ಅಳತೆ ಮತ್ತೊಂದಿಲ್ಲ.

ಕುಡುಗೋಲು ಕಣ ಇರುವ ಸಮುದಾಯಗಳಲ್ಲಿ ಮಾತ್ರ ಆ ಅನುಕೂಲಕ್ಕೂ ಮಿತಿಯಿದೆ. ಅಮೆರಿಕದ ಆಫ್ರಿಕನ್ ಮೂಲದವರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಕಾಯಿಲೆಯಿಲ್ಲದೆ ವಾಹಕರಷ್ಟೇ ಆದವರಲ್ಲೂ, ಗ್ಲೂಕೋಸ್ ಅಷ್ಟೇ ಇದ್ದಾಗ ಎಚ್‌ಬಿಎ1ಸಿ ಸುಮಾರು 0.3 ಅಂಕ ಕಡಿಮೆ ಕಂಡಿತು. 2023ರ ಜುಲೈನಲ್ಲಿ ಆರಂಭವಾದ ರಾಷ್ಟ್ರೀಯ ಕುಡುಗೋಲು ಕಣ ರಕ್ತಹೀನತೆ ನಿರ್ಮೂಲನ ಅಭಿಯಾನ, ಬುಡಕಟ್ಟು ಪ್ರದೇಶಗಳ 40ರೊಳಗಿನ ಏಳು ಕೋಟಿ ಜನರನ್ನು ಪರೀಕ್ಷಿಸಿ ಕಾರ್ಡು ಕೊಡುವ ಗುರಿ ಇಟ್ಟುಕೊಂಡಿದೆ. ಸಾಂಕ್ರಾಮಿಕವಲ್ಲದ ರೋಗಗಳ ತಪಾಸಣೆ ಶುರುವಾಗುವುದು 30ರ ಪ್ರಾಯಕ್ಕೆ. ಹತ್ತು ವರ್ಷ ಎರಡೂ ಕಾರ್ಯಕ್ರಮಗಳು ಒಂದೇ ಜನರನ್ನು ಮುಟ್ಟುತ್ತವೆ. ವಾಹಕ ಎಂದು ಕಾರ್ಡಿನಲ್ಲಿ ನಮೂದಾದವರಿಗೆ ಎಚ್‌ಬಿಎ1ಸಿಯ ಬದಲು ಗ್ಲೂಕೋಸ್ ಪರೀಕ್ಷೆಯನ್ನೇ ಬರೆಯಲು ಬೇಕಾದ ಮಾಹಿತಿ ಆಗಲೇ ಸರ್ಕಾರದ ಕೈಯಲ್ಲಿರುತ್ತದೆ.